ಲಂಕೆಯ ವಾರ್ಡಿನಲ್ಲಿ ಮೂರು ಸೀಯಾಳ

ನಾನು ಲಂಕೆಗೆ ಹೋಗಿ ಬಂದವಳು ಎಂದು ಗೊತ್ತಾದ ಮೇಲೆ ನಮ್ಮೂರಲ್ಲಿ ಯಾರೂ ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಕಾಪುವಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬರು ರಾವಣನ ಅರಮನೆ ಈಗಲೂ ಉಂಟಾ ಎಂದು ಕೇಳಿದರು. ಉಡುಪಿಯ ಬಟ್ಟೆ ಅಂಗಡಿಯವರು ಅಶೋಕವನದ ಫೋಟೋ ತೋರಿಸು ಎಂದರು. ನನ್ನ ಫೋನಿನಲ್ಲಿ ಇರುವುದು ಆಸ್ಪತ್ರೆಯ ಕಾರಿಡಾರಿನ ಒಂದು ಫೋಟೋ, ಅದೇ ಕಾರಿಡಾರಿನಲ್ಲಿ ಮಲಗಿರುವ ಎರಡು ಬೆಕ್ಕುಗಳ ಫೋಟೋ, ಮತ್ತು ಶಾವಿಗೆಯ ತಟ್ಟೆಯ ಮುಂದೆ ಬಾಯಿ ತೆರೆದು ಕುಳಿತ ನನ್ನ ಗೆಳತಿಯ ಫೋಟೋ. ನಾಲ್ಕು ವಾರ ಇದ್ದರೂ ನಾನು ಸರಿಯಾಗಿ ನೋಡಿದ್ದು ಒಂದು ವಾರ್ಡು. ಅದರಲ್ಲೂ ಒಂದು ಹಾಸಿಗೆ.

ಆ ಹಾಸಿಗೆಯ ವಿಷಯವನ್ನೇ ಹೇಳಬೇಕೆಂದು ಕುಳಿತಿದ್ದೇನೆ. ಓದುವವರು ಹೆದರಬಾರದೆಂದು ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಮಲಗಿದ್ದವರು ಬದುಕಿದ್ದಾರೆ. ಚೆನ್ನಾಗಿದ್ದಾರೆ. ಮೊದಲಿನಂತೆ ಶಾಲೆಗೆ ಹೋಗಿ ಒಂದನೆಯ ಕ್ಲಾಸಿನ ಮಕ್ಕಳ ಹತ್ತಿರ ಜಗಳವಾಡುತ್ತಿದ್ದಾರೆ. ಇದನ್ನು ಬರೆದ ಮೇಲೆ ನಾನೇ ಎರಡು ಸಲ ಓದಿಕೊಂಡೆ, ಅಷ್ಟು ಹಾಯೆನಿಸಿತು.

ಕಾಪು, ಹೊರಡುವ ಮುಂಚೆ

ನಾನು ಮಣಿಪಾಲದಲ್ಲಿ ಎಂ.ಬಿ.ಬಿ.ಎಸ್. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನೆರೆದೇಶಗಳ ವೈದ್ಯಕೀಯ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಕೆಲವು ವಾರ ಅದಲುಬದಲು ಮಾಡಿಕೊಳ್ಳುವ ಒಂದು ಏರ್ಪಾಡು ಇದೆ. ಇಲ್ಲಿಂದ ಇಬ್ಬರು ಅಲ್ಲಿಗೆ, ಆಮೇಲೆ ಅಲ್ಲಿಂದ ಇಬ್ಬರು ಇಲ್ಲಿಗೆ. ನೇಪಾಳ ಸಿಗಬಹುದು, ಜನ್ಮದಲ್ಲಿ ಒಮ್ಮೆ ಹಿಮ ನೋಡಬಹುದು ಎಂಬ ಆಸೆಯಿಂದ ಅರ್ಜಿ ಹಾಕಿದೆ. ಸಿಕ್ಕಿದ್ದು ಶ್ರೀಲಂಕೆಯ ದಕ್ಷಿಣ ಕರಾವಳಿ. ಸಮುದ್ರದ ಪಕ್ಕದಲ್ಲಿ ಹುಟ್ಟಿ ಸಮುದ್ರದ ಪಕ್ಕಕ್ಕೇ ವಿದೇಶ ಪ್ರವಾಸ. ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ನಮ್ಮ ಅಪ್ಪನಿಗೆ ಇದು ದೊಡ್ಡ ತಮಾಷೆಯಾಯಿತು.

"ಅದಕ್ಕೆ ವಿಮಾನ ಎಂತಕ್ಕೆ? ಇಲ್ಲಿಂದ ಬೋಟು ಹತ್ತಿಸಿದ್ರೆ ಆಗ್ತಿತ್ತು," ಎಂದರು.

"ನೀವು ಸುಮ್ನಿರಿ," ಎಂದ ಅಮ್ಮ ನನ್ನ ಬ್ಯಾಗಿಗೆ ಒಣ ಸಿಗಡಿ ಚಟ್ನಿಯ ಡಬ್ಬ ತುರುಕಿದರು. "ಅಲ್ಲಿ ಎಂತ ಸಿಗ್ತದೋ ಇಲ್ವೋ. ಗಂಜಿಗೆ ನೆಂಚಿಕೊಳ್ಳಲಿಕ್ಕಾದರೂ ಇರ್ಲಿ."

ನನ್ನ ಜೊತೆ ಹೊರಟವಳು ಪ್ರೆಸಿಲ್ಲಾ. ಕಾರ್ಕಳದವಳು, ನನ್ನದೇ ಕ್ಲಾಸು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷು. ನಾಲ್ಕು ಭಾಷೆಯಲ್ಲೂ ಅವಳಿಗೆ ಒಂದೇ ವೇಗ, ಒಂದೇ ಧೈರ್ಯ. ನನ್ನದು ಹಾಗಲ್ಲ. ಹಿರಿಯರು ಏನಾದರೂ ಕೇಳಿದರೆ ನನ್ನ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದಿಲ್ಲ. ಚಟ್ನಿಯ ಡಬ್ಬ ಒಂದರಿಂದ ನಾಲ್ಕಾದದ್ದು, ಅದರಲ್ಲಿ ಎರಡು ಪಕ್ಕದ ಮನೆಯವರದ್ದಾಗಿದ್ದದ್ದು ಇದೇ ಕಾರಣಕ್ಕೆ.

ಕೊಲಂಬೊ

ಕೊಲಂಬೊ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗನ್ನು ಮಾತ್ರ ಪಕ್ಕಕ್ಕೆ ಕರೆದರು. ಕಸ್ಟಮ್ಸ್ ಅಧಿಕಾರಿ ಒಂದು ಡಬ್ಬದ ಮುಚ್ಚಳ ತೆಗೆದು ಮೂಸಿದರು. ಅವರ ಮುಖ ಬದಲಾಯಿತು. ಇನ್ನೊಬ್ಬ ಅಧಿಕಾರಿಯನ್ನು ಕರೆದು ಅವರಿಗೂ ಮೂಸಿಸಿದರು. ಇಬ್ಬರೂ ಸಿಂಹಳದಲ್ಲಿ ಗಂಭೀರವಾಗಿ ಚರ್ಚೆ ಮಾಡಿದರು. ಇಲ್ಲಿಂದಲೇ ನನ್ನನ್ನು ವಾಪಸು ಕಳಿಸುತ್ತಾರೆ ಎಂದುಕೊಂಡೆ.

ಕೊನೆಗೆ ಮೊದಲನೆಯವರು ಇಂಗ್ಲಿಷಿನಲ್ಲಿ ಕೇಳಿದರು, "ಒಣ ಮೀನನ್ನು ಶ್ರೀಲಂಕೆಗೆ ತರುತ್ತಾರೆಯೇ? ನಮ್ಮಲ್ಲಿ ಇಲ್ಲ ಎಂದುಕೊಂಡಿರಾ?"

ಕಾನೂನಿಗಿಂತ ಹೆಚ್ಚಾಗಿ ಅಭಿಮಾನಕ್ಕೆ ಪೆಟ್ಟು ಬಿದ್ದಂತಿತ್ತು. ಮೂರು ಡಬ್ಬ ಅಲ್ಲೇ ಉಳಿದವು. ಒಂದನ್ನು ಅವರು ಏನೋ ಯೋಚಿಸಿ ಹಿಂದಕ್ಕೆ ಕೊಟ್ಟರು. ಹೊರಗೆ ಬಂದ ಮೇಲೆ ಪ್ರೆಸಿಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಅಮ್ಮನ ಚಟ್ನಿ ಇವತ್ತು ಅವರ ಊಟಕ್ಕೆ ಹೋಗ್ತದೆ, ಬರೆದಿಟ್ಟುಕೋ ಮಾರಾಯ್ತಿ."

ಅಲ್ಲಿಂದ ದಕ್ಷಿಣಕ್ಕೆ ರೈಲು. ನಮ್ಮ ಊರಿನ ರೈಲು ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ, ಗದ್ದೆಗಳ ನಡುವೆ ಹೋಗುತ್ತದೆ. ಅಲ್ಲಿಯದು ಅಲೆಗೆ ತಾಗಿಕೊಂಡೇ ಓಡುತ್ತದೆ. ಕಿಟಕಿಯ ಕಂಬಿ ಮುಟ್ಟಿದರೆ ಕೈಗೆ ಉಪ್ಪು. ಒಬ್ಬರು ಬುಟ್ಟಿಯಲ್ಲಿ ಅಂಬೊಡೆ ಮಾರಿಕೊಂಡು ಬಂದರು. ಪ್ರತಿಯೊಂದು ಅಂಬೊಡೆಯ ಮೇಲೂ ತಲೆ, ಮೀಸೆ ಸಹಿತ ಇಡೀ ಸಿಗಡಿ ಕುಳಿತಿತ್ತು. ನಮ್ಮ ಉಡುಪಿಯ ಹೋಟೆಲಿನ ಭಟ್ಟರು ಕಂಡಿದ್ದರೆ ಅಲ್ಲೇ ಎಚ್ಚರ ತಪ್ಪುತ್ತಿದ್ದರು. ಪ್ರೆಸಿಲ್ಲಾ ನಾಲ್ಕು ತಿಂದಳು.

ವಾರ್ಡು, ಮೊದಲ ದಿನಗಳು

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ತಪ್ಪು ನನ್ನದು, ಅವರದ್ದಲ್ಲ. ಸಮುದ್ರಕ್ಕೆ ಕೂಗಳತೆಯಲ್ಲಿ ಇರುವ, ಎತ್ತರದ ಕಿಟಕಿಗಳ ಹಳೆಯ ಸರಕಾರಿ ಆಸ್ಪತ್ರೆ ಅದು. ರೋಗಿಗಳು ನರ್ಸುಗಳನ್ನು "ಮಿಸ್ಸಿ" ಎಂದು ಕರೆಯುತ್ತಾರೆ. ಬೆಳಿಗ್ಗೆ ಒಬ್ಬರು ದೊಡ್ಡ ಪಾತ್ರೆಯಲ್ಲಿ ಹಸಿರು ಬಣ್ಣದ ಗಂಜಿ ಮಾರಿಕೊಂಡು ಗೇಟಿಗೆ ಬರುತ್ತಾರೆ. ನಮ್ಮ ಕುಚ್ಚಲಕ್ಕಿ ಗಂಜಿಗೆ ಸೊಪ್ಪು ಅರೆದು ಹಾಕಿದಂತೆ ಇರುತ್ತದೆ. ಒಂದು ಗುಟುಕು ಗಂಜಿ, ಒಂದು ಚೂರು ಬೆಲ್ಲ. ಕುಡಿಯುವಾಗ ಯಾರೂ ಮಾತಾಡುವುದಿಲ್ಲ. ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ತಳ್ಳುವುದೂ ಇಲ್ಲ. ಉಡುಪಿಯ ಸಂತೆಕಟ್ಟೆಯಲ್ಲಿ ನೂಕಾಡಿ ಬಸ್ಸು ಹತ್ತಿ ಅಭ್ಯಾಸವಾದ ನನಗೆ ಮೊದಲ ಎರಡು ದಿನ ಗಂಜಿ ಸಿಗಲೇ ಇಲ್ಲ. ಸಾಲು ಎಂಬುದು ಇದೆ ಎಂದು ನನಗೆ ಗೊತ್ತಾಗಿದ್ದೇ ಮೂರನೆಯ ದಿನ.

ಪ್ರೆಸಿಲ್ಲಾಳನ್ನು ಮಕ್ಕಳ ವಾರ್ಡಿಗೆ ಹಾಕಿದರು, ನನ್ನನ್ನು ಪಕ್ಕದ ಹೆಂಗಸರ ವಾರ್ಡಿಗೆ. ನನಗೆ ಜೊತೆಯಾಗಿ ಸಿಕ್ಕವಳು ಅಲ್ಲಿನ ವಿದ್ಯಾರ್ಥಿನಿ ಹಿರುಣಿ. ಅವಳು ಮುಂದಿನ ಸರದಿಯಲ್ಲಿ ಮಣಿಪಾಲಕ್ಕೆ ಬರುವವಳು. ದಿನಕ್ಕೆ ಹತ್ತು ಸಲ ಮಣಿಪಾಲದಲ್ಲಿ ಎಷ್ಟು ಮಳೆ ಎಂದು ಕೇಳುತ್ತಿದ್ದಳು. ನಾನು ಅವಳನ್ನು ಹೆದರಿಸಲು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆ, ಅಷ್ಟೇ ಸಾಕಾಗುತ್ತಿತ್ತು.

ವಾರ್ಡಿನ ದೊಡ್ಡ ಡಾಕ್ಟರನ್ನು ಎಲ್ಲರೂ "ಸರ್" ಎಂದಷ್ಟೇ ಕರೆಯುತ್ತಿದ್ದರು. ಸಣ್ಣ ದನಿಯ ಮನುಷ್ಯ. ಸಿಟ್ಟು ಬಂದರೆ ಆ ದನಿ ಇನ್ನೂ ಸಣ್ಣದಾಗುತ್ತಿತ್ತು. ಆಗ ಡೆಂಗಿಯ ಕಾಲ, ಅರ್ಧ ವಾರ್ಡು ಅದೇ. ಡೆಂಗಿಯಲ್ಲಿ ಜ್ವರ ಬಿಟ್ಟಾಗ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ, ಡಾಕ್ಟರುಗಳು ಎಚ್ಚರವಾಗುತ್ತಾರೆ. ಕೆಲವರಿಗೆ ಆ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ. ಸುಮಾರು ಎರಡು ದಿನ ಸೋರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಆ ಎರಡು ದಿನ ನೀರು ಕಡಿಮೆ ಕೊಟ್ಟರೆ ರಕ್ತದೊತ್ತಡ ಬೀಳುತ್ತದೆ, ಜಾಸ್ತಿ ಕೊಟ್ಟರೆ ಸೋರಿದ ನೀರು ಶ್ವಾಸಕೋಶದ ಸುತ್ತ ತುಂಬಿ ಉಸಿರು ಕಟ್ಟುತ್ತದೆ. ಅದಕ್ಕಾಗಿ ಡ್ರಿಪ್ಪು, ನೀರು, ಚಹಾ, ಸೂಪು ಎಲ್ಲವನ್ನೂ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಲೋಟದಲ್ಲಿ ಅಳೆದು ಚಾರ್ಟಿನಲ್ಲಿ ಬರೆಯಬೇಕು. ಇದನ್ನು ನಾನು ಮಣಿಪಾಲದಲ್ಲೂ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ.

ಅಲ್ಲಿನ ಪದ್ಧತಿ ಏನೆಂದರೆ, ಅಂತಹ ರೋಗಿಯ ಹಾಸಿಗೆಯನ್ನು ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿಬಿಡುತ್ತಾರೆ. ಚಾರ್ಟು ಬರೆಯುವುದು ಅವರ ಜವಾಬ್ದಾರಿ. ಸರ್ ಬಂದಾಗ ಮೊದಲು ನೋಡುವುದು ರೋಗಿಯ ಮುಖ, ಎರಡನೆಯದು ಆ ಚಾರ್ಟು.

ಮಂಗಳವಾರ

ಮಂಗಳವಾರ ಬೆಳಿಗ್ಗೆ ಕಿಟಕಿ ಪಕ್ಕದ ಹಾಸಿಗೆಯ ನಿಲ್ಮಿಣಿಯವರಿಗೆ ಸೋರುವುದು ಶುರುವಾಯಿತು. ಮೂವತ್ತರ ಆಸುಪಾಸಿನ ಶಾಲಾ ಟೀಚರು. ಹಾಸಿಗೆಯನ್ನು ಹಿರುಣಿಗೂ ನನಗೂ ವಹಿಸಿದರು. ಹೊರದೇಶದವಳಿಗೆ ಇಷ್ಟು ನಂಬಿ ಕೊಟ್ಟರಲ್ಲ ಎಂದು ನಾನು ಉಬ್ಬಿಹೋದೆ. ನಿಲ್ಮಿಣಿಗೆ ಇಂಗ್ಲಿಷು ಸ್ವಲ್ಪ ಬರುತ್ತಿತ್ತು. ನನ್ನ ಅಕ್ಷರ ನೋಡಿ, ಏಳು ಎಂಬ ಅಂಕಿ ಸರಿ ಬರೆಯಲು ಬರುವುದಿಲ್ಲವೇ ಎಂದು ಮಲಗಿದಲ್ಲಿಂದಲೇ ತಿದ್ದಿದರು.

ಸಂಜೆ ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಅವರ ಅಮ್ಮ ಬಂದರು. ಅಲ್ಲಿಯೂ ಅಮ್ಮನಿಗೆ ಅಮ್ಮ ಎಂದೇ ಹೇಳುತ್ತಾರೆ, ಹಾಗಾಗಿ ನಾನೂ ಅವರನ್ನು ಅಮ್ಮ ಎಂದೇ ಕರೆದೆ. ಹಿರುಣಿ ಲ್ಯಾಬಿನಿಂದ ರಿಪೋರ್ಟು ತರಲು ಹೋಗಿದ್ದಳು. ಅಮ್ಮ ಕೈಚೀಲದಿಂದ ಒಂದು ಸೀಯಾಳ ಹೊರಗೆ ತೆಗೆದರು. ನನ್ನ ಕಣ್ಣು ಅರಳಿತು. ಕಿತ್ತಳೆ ಬಣ್ಣದ, ಹೊಳೆಯುವ ಸೀಯಾಳ! ನಮ್ಮಲ್ಲಿ ಸೀಯಾಳಕ್ಕೆ ಬೊಂಡ, ಈ ಬಣ್ಣದ್ದಕ್ಕೆ ಗೆಂದಾಳಿ ಎನ್ನುತ್ತೇವೆ. ಕಾಪುವಿನ ನಮ್ಮ ಮನೆಯ ಹಿತ್ತಿಲಲ್ಲಿ ಅದರದ್ದೊಂದು ಮರ ಇದೆ. ಅದರ ಸೀಯಾಳವನ್ನು ನಾವು ಸುಮ್ಮಸುಮ್ಮನೆ ಕುಡಿಯುವುದಿಲ್ಲ. ನಾಗನಿಗೆ ಅಭಿಷೇಕಕ್ಕೆ ಒಂದು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಒಂದು. ನನಗೆ ಚಿಕ್ಕಂದಿನಲ್ಲಿ ಟೈಫಾಯಿಡ್ ಆದಾಗ ಮದ್ದು ಕೊಟ್ಟ ಡಾಕ್ಟರ ಮುಖ ನೆನಪಿಲ್ಲ, ಅಮ್ಮ ಬಾಯಿಗೆ ಹಿಡಿದ ಗೆಂದಾಳಿ ಬೊಂಡ ನೆನಪಿದೆ.

ಆ ಅಮ್ಮ ಸೀಯಾಳವನ್ನು ಎತ್ತಿ ಹಿಡಿದು ಕೊಡಬಹುದೇ ಎಂಬಂತೆ ನನ್ನ ಮುಖ ನೋಡಿದರು. ಬಿಳಿ ಕೋಟು ಹಾಕಿಕೊಂಡು ಅಲ್ಲಿ ನಿಂತಿದ್ದವಳು ನಾನೊಬ್ಬಳೇ. ನಾನು ನಕ್ಕು, ಕೈಸನ್ನೆಯಿಂದ ಕೊಡಿ ಎಂದೆ. ಅಷ್ಟೇ ಅಲ್ಲ, ನಿಲ್ಮಿಣಿಯ ತಲೆ ಎತ್ತಿ ಹಿಡಿದವಳೂ ನಾನೇ. ಅದು ಮುಗಿದ ಮೇಲೆ ಚೀಲದಿಂದ ಇನ್ನೊಂದು ಬಂತು, ಅದಕ್ಕೂ ಕೇಳಿದರು, ಅದಕ್ಕೂ ಕೊಡಿ ಎಂದೆ. ಬುಧವಾರ ಬೆಳಿಗ್ಗೆ ಮೂರನೆಯದು. ಆಗಲೂ ನಾನೇ ಇದ್ದೆ, ಆಗಲೂ ಅವರು ಕೇಳಿದರು, ಆಗಲೂ ನಾನು ಕೊಡಿ ಎಂದೆ.

ಚಾರ್ಟಿನಲ್ಲಿ ನೀರು ಬರೆದೆ. ಚಹಾ ಬರೆದೆ. ಎರಡು ಚಮಚ ಸೂಪು ಕೂಡ ಬರೆದೆ. ಸೀಯಾಳ ಬರೆಯಲಿಲ್ಲ. ಮುಚ್ಚಿಟ್ಟದ್ದಲ್ಲ, ದೇವರಾಣೆ, ಅದು ಬರೆಯಬೇಕಾದ ವಸ್ತು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಲೆಕ್ಕದಲ್ಲಿ ನೀರು ಎಂದರೆ ಲೋಟದಲ್ಲಿ ಇರುವುದು. ಸೀಯಾಳ ಎಂದರೆ ಹುಷಾರಿಲ್ಲದವರಿಗೆ ಅಮ್ಮಂದಿರು ಕೊಡುವುದು. ನಾಲ್ಕು ವರ್ಷ ವೈದ್ಯಕೀಯ ಓದಿದವಳ ತಲೆಯಲ್ಲಿ ಇಂತಹ ಎರಡು ಕಪಾಟು ಇದ್ದದ್ದು ನನಗೇ ಗೊತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ

ಮಧ್ಯಾಹ್ನದ ಹೊತ್ತಿಗೆ ನಿಲ್ಮಿಣಿಗೆ ಉಸಿರಾಡಲು ಕಷ್ಟವಾಯಿತು. ಮಲಗಲು ಆಗುತ್ತಿರಲಿಲ್ಲ, ಎದ್ದು ಕುಳಿತು ಮಂಚದ ಅಂಚು ಹಿಡಿದುಕೊಂಡಿದ್ದರು. ಸರ್ ಬಂದರು. ಮುಖ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಚಾರ್ಟು ನೋಡಿದರು. ಆಗಷ್ಟೇ ಬಂದ ರಕ್ತದ ರಿಪೋರ್ಟು ನೋಡಿದರು. ಮತ್ತೆ ಚಾರ್ಟು ನೋಡಿದರು.

"ರಕ್ತ ಗಟ್ಟಿಯಾಗಬೇಕಾದ ಹೊತ್ತಿನಲ್ಲಿ ತೆಳುವಾಗಿದೆ," ಎಂದರು ಇಂಗ್ಲಿಷಿನಲ್ಲಿ, ನಮ್ಮಿಬ್ಬರಿಗೂ ಕೇಳುವಂತೆ. "ಹೀಗಾಗಲು ಎರಡೇ ಕಾರಣ. ಒಂದೋ ಈಕೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿರಬೇಕು. ಚಾರ್ಟಿನ ಪ್ರಕಾರ ಹೆಚ್ಚು ಕುಡಿದಿಲ್ಲ. ಹಾಗಾದರೆ ಒಳಗೆ ಎಲ್ಲೋ ರಕ್ತ ಹೋಗುತ್ತಿದೆ. ನಾಡಿ ಮಾತ್ರ ಹಾಗೆ ಹೇಳುತ್ತಿಲ್ಲ. ಆದರೂ ಕಾಯುತ್ತಾ ಕೂರುವಂತಿಲ್ಲ. ರಕ್ತ ತರಿಸಿ."

ಹಿರುಣಿ ಫಾರಂ ಬರೆಯಲು ಓಡಿದಳು. ಆಗ ನನಗೆ ಸೀಯಾಳ ನೆನಪಾಯಿತು.

ಮೂರು ಸೀಯಾಳ. ಮೂರೂ ಕೈ ತುಂಬುವಷ್ಟು ದೊಡ್ಡವು. ಆಗಲೇ ನೀರು ತುಂಬಿ ಉಸಿರು ಕಟ್ಟಿರುವವರಿಗೆ ಮೇಲಿಂದ ರಕ್ತ ಬೇರೆ ಹಾಕಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾನು ಕೂಡಲೇ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟು ಬರೆದರೆ ಈ ಬರಹವೇ ಸುಳ್ಳಾಗುತ್ತದೆ. ನಾನು ವಾರ್ಡಿನಿಂದ ಹೊರಗೆ ಬಂದೆ. ಕಾಲೇಜಿಗೆ ಪತ್ರ ಹೋಗುತ್ತದೆ, ನನ್ನಿಂದಾಗಿ ಈ ಅದಲುಬದಲಿನ ಏರ್ಪಾಡೇ ನಿಲ್ಲುತ್ತದೆ, ಹಿರುಣಿ ಮಣಿಪಾಲಕ್ಕೆ ಬರುವುದು ತಪ್ಪುತ್ತದೆ, ಅಪ್ಪ ಮಲ್ಪೆಯಲ್ಲಿ ಯಾರ ಮುಖ ನೋಡುತ್ತಾರೆ, ಹೀಗೆಲ್ಲ ತಲೆ ಓಡುತ್ತಿತ್ತು. ರಕ್ತ ಬರಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಸರ್‌ಗೇ ಬೇರೆ ರೀತಿಯಲ್ಲಿ ಗೊತ್ತಾಗಬಹುದು ಎಂದು ಕೂಡ ಯೋಚಿಸಿದೆ.

ಕಾರಿಡಾರಿನಲ್ಲಿ ಪ್ರೆಸಿಲ್ಲಾ ಎದುರಾದಳು. "ಎಂತ ಆಯ್ತು? ಮುಖ ಯಾಕೆ ಹೀಗುಂಟು ನಿಂದು?"

ಅವಳಿಗೆ ಹೇಳಿದೆ. ಎರಡೇ ವಾಕ್ಯದಲ್ಲಿ.

"ಅಯ್ಯೋ, ನಂಗೆ ಹೇಳಿ ಎಂತ ಮಾಡ್ಲಿಕ್ಕುಂಟು ದೀಕ್ಷಾ? ನಾನು ಬೊಂಡ ವಾಪಸ್ ತೆಗೀಲಿಕ್ಕೆ ಆಗ್ತದಾ? ಅವರಿಗೆ ಹೋಗಿ ಹೇಳು!"

"ಅವರು ಕಾಲೇಜಿಗೆ ಬರೀತಾರೆ ಪ್ರೆಸಿ."

"ಬರೀಲಿ ಮಾರಾಯ್ತಿ! ಬರೀಲಿ! ಹೋಗು ಅಂದೆ, ಹೋಗು!" ಎಂದು ನನ್ನ ಎರಡೂ ಭುಜ ಹಿಡಿದು ತಿರುಗಿಸಿ, ಬಾಗಿಲಿನ ಕಡೆ ನಿಜವಾಗಿಯೂ ತಳ್ಳಿದಳು.

ಸರ್ ಹಾಸಿಗೆಯ ಪಕ್ಕದಲ್ಲೇ ಇದ್ದರು. ನಾನು ಅವರೆದುರು ಹೋಗಿ ನಿಂತೆ. "ಸರ್, ಚಾರ್ಟು ತಪ್ಪಾಗಿದೆ. ನಿನ್ನೆ ಸಂಜೆ ಎರಡು, ಇವತ್ತು ಬೆಳಿಗ್ಗೆ ಒಂದು ಸೀಯಾಳ ಕುಡಿದಿದ್ದಾರೆ. ಕೊಡಲಿಕ್ಕೆ ಹೇಳಿದವಳು ನಾನು. ಬರೆದಿಲ್ಲ."

ಅವರು ನನ್ನನ್ನು ನೋಡಿದರು. "ಎಷ್ಟು ದೊಡ್ಡದು?"

ಕೈಯಲ್ಲಿ ತೋರಿಸಿದೆ. ಅವರು ವಾರ್ಡಿನ ಸಿಸ್ಟರ್ ಕಡೆ ತಿರುಗಿದರು. ಡ್ರಿಪ್ಪು ನಿಂತಿತು. ರಕ್ತ ಬೇಡವೆಂದು ಫೋನು ಹೋಯಿತು. ಮೈಯ ನೀರು ಮೂತ್ರದಲ್ಲಿ ಇಳಿಯುವ ಇಂಜೆಕ್ಷನ್ ಬಂತು, ಮೂಗಿಗೆ ಆಮ್ಲಜನಕ ಬಂತು. ಹೊರಗೆ ಅಮ್ಮ ಊಟದ ಬುತ್ತಿ ಹಿಡಿದು ಕಾಯುತ್ತಿದ್ದರು. ಇನ್ನೂ ಬೇರೇನಾದರೂ ಕುಡಿಸಿದ್ದಾರೆಯೇ ಎಂದು ಕೇಳಲು ಹಿರುಣಿ ಓಡಿದಳು. ಗಡಿಬಿಡಿಯಲ್ಲಿ ಅವಳ ದನಿ ಜೋರಾಯಿತು. ಬಾಗಿಲಲ್ಲಿ ನಿಂತಿದ್ದ ಬೇರೆ ರೋಗಿಗಳ ಮನೆಯವರೂ ಏನೋ ಹೇಳಿದ್ದು ಕೇಳಿಸಿತು. ನನಗೆ ಆಗ ಆ ಕಡೆ ಗಮನ ಇರಲಿಲ್ಲ.

ಬುಧವಾರ ಸಂಜೆ

ಜೀವನದಲ್ಲಿ ಇನ್ನೊಬ್ಬರ ಮೂತ್ರ ನೋಡಿ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ. ಒಂದು ಗಂಟೆಗೆ ಇಷ್ಟು, ಎರಡನೆಯ ಗಂಟೆಗೆ ಇಷ್ಟು ಎಂದು ಅಳೆದು ಬರೆದೆ. ನಾಲ್ಕು ಗಂಟೆಯ ಹೊತ್ತಿಗೆ ನಿಲ್ಮಿಣಿ ಮಂಚದ ಅಂಚಿನಿಂದ ಕೈ ಬಿಟ್ಟರು. ಐದರ ಹೊತ್ತಿಗೆ ದಿಂಬಿಗೆ ಒರಗಿದರು. ಆರಕ್ಕೆ, ಮೂಗಿನಲ್ಲಿ ಆಮ್ಲಜನಕದ ಕೊಳವೆ ಇರುವಾಗಲೇ, "ಏಳು," ಎಂದು ನನ್ನ ಚಾರ್ಟಿನತ್ತ ಬೆರಳು ತೋರಿಸಿದರು. ನಾನು ಮತ್ತೆ ಅಂಕಿಯನ್ನು ತಪ್ಪಾಗಿ ಬರೆದಿದ್ದೆ. ಪರದೆಯ ಹಿಂದೆ ಹೋಗಿ ಅತ್ತೆ. ನನ್ನ ಮೈಮೇಲಿನಿಂದ ಒಂದು ದೋಣಿಯನ್ನು ಎತ್ತಿ ಇಳಿಸಿದಂತಾಯಿತು.

ಸರ್ ಹೊರಡುವ ಮುಂಚೆ ನನ್ನನ್ನು ಕರೆದರು. ದನಿ ತೀರಾ ಸಣ್ಣದಾಗಿತ್ತು.

"ಆ ಮೂರನ್ನೂ ಚಾರ್ಟಿನಲ್ಲಿ ಬರೆಯಿರಿ. ಕೊಟ್ಟ ಗಂಟೆ ಹಾಕಿ. ತಡವಾಗಿ ಬರೆದದ್ದು ಎಂದು ಹಾಕಿ, ನಿಮ್ಮ ಸಹಿ ಹಾಕಿ."

ಬರೆದೆ. ಅವರು ಓದಿದರು.

"ಇಲ್ಲಿನ ಹೊಸ ಹುಡುಗರಿಗೆ ನಾನು ಪ್ರತಿ ವರ್ಷ ಸೀಯಾಳದ ಬಗ್ಗೆ ಹೇಳುತ್ತೇನೆ. ನಿಮಗೆ ಹೇಳಲಿಲ್ಲ. ನೀವು ಹೊರಗಿನವರು, ನಿಮಗೆ ಆ ಅಭ್ಯಾಸ ಇರುವುದಿಲ್ಲ ಎಂದುಕೊಂಡೆ. ಅದು ನನ್ನ ತಪ್ಪು. ಆದರೆ ರಕ್ತ ತರಿಸಿ ಎಂದ ಮೇಲೆ ನೀವು ಹೊರಗೆ ಹೋಗಿ ನಿಂತಿರಲ್ಲ, ಅದು ಪೂರ್ತಿ ನಿಮ್ಮದು. ನಿಮ್ಮ ಕಾಲೇಜಿಗೆ ನನ್ನದು, ನಿಮ್ಮದು ಎರಡನ್ನೂ ಬರೆಯುತ್ತೇನೆ."

ಪತ್ರ ತಲುಪುವ ಮುಂಚೆ ನಾನೇ ಹೇಳುವುದು ಒಳ್ಳೆಯದೆಂದು ಮಣಿಪಾಲದ ನಮ್ಮ ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಹೆಬ್ರಿಯ ಕಡೆಯವರು, ಮಾತು ಕಡಿಮೆ. ಎಲ್ಲ ಕೇಳಿದ ಮೇಲೆ ಎರಡೇ ಪ್ರಶ್ನೆ ಕೇಳಿದರು.

"ಅವರಿಗೇ ಗೊತ್ತಾದ್ದಾ, ಅಲ್ಲ ನೀನೇ ಹೇಳಿದ್ದಾ?"

"ನಾನೇ ಹೇಳಿದ್ದು ಸರ್. ಸ್ವಲ್ಪ ತಡ ಮಾಡಿದೆ."

"ಹ್ಞಾಂ. ಹೆಂಗಸು ಹುಷಾರಿದ್ದಾರಲ್ಲ?"

"ಹುಷಾರಿದ್ದಾರೆ ಸರ್."

"ಹಾಗಾದ್ರೆ ಪೂರ್ತಿ ಮುಗಿಸಿಕೊಂಡು ಬಾ. ಬಂದ ಮೇಲೆ ಮಾತಾಡುವ. ಬೈಲಿಕ್ಕೆ ತುಂಬ ಉಂಟು, ಫೋನಲ್ಲಿ ಆಗುದಿಲ್ಲ."

ಬೈಗುಳ ಕಾದಿದೆ ಎಂದು ತಿಳಿದು ಅಷ್ಟು ನೆಮ್ಮದಿಯಾದದ್ದು ಅದೇ ಮೊದಲು.

ಶುಕ್ರವಾರ

ಗುರುವಾರ ಬೆಳಿಗ್ಗೆಗೆ ಸೋರುವುದು ನಿಂತಿತು. ಶುಕ್ರವಾರ ನಿಲ್ಮಿಣಿ ತಾನೇ ನಡೆದು ಹೋಗಿ ಮುಖ ತೊಳೆದು ಬಂದರು. ನಾನು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎರಡು ತಟ್ಟೆ ಶಾವಿಗೆ, ಮೇಲೆ ಕೆಂಪು ಕಾಯಿಚಟ್ನಿ ಹಾಕಿಸಿಕೊಂಡು ತಿಂದೆ. ಪ್ರೆಸಿಲ್ಲಾ ತಟ್ಟೆಗೆ ನನ್ನ ಅಮ್ಮನ ಸಿಗಡಿ ಚಟ್ನಿಯನ್ನೂ ಸುರಿದುಕೊಂಡಳು. ಎಲ್ಲ ಮುಗಿಯಿತು, ಇನ್ನು ಊರು ನೋಡಬಹುದು ಎಂದುಕೊಂಡು ವಾರ್ಡಿಗೆ ಹೋದೆ.

ನಿಲ್ಮಿಣಿ ಬಾಗಿಲನ್ನೇ ನೋಡುತ್ತಾ ಕುಳಿತಿದ್ದರು. ಕೂದಲು ಮೂರು ದಿನದಿಂದ ಬಾಚದೆ ಗಂಟುಗಂಟಾಗಿತ್ತು. ಆಗ ನನಗೆ ಹೊಳೆಯಿತು, ಬುಧವಾರದ ಮೇಲೆ ಅವರ ಅಮ್ಮನನ್ನು ನಾನು ನೋಡಿಯೇ ಇಲ್ಲ.

"ಅಮ್ಮ ಎಲ್ಲಿ?" ಎಂದು ಹಿರುಣಿಯನ್ನು ಕೇಳಿದೆ.

ಹಿರುಣಿ ತಲೆ ತಗ್ಗಿಸಿದಳು. "ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಇದ್ದಾರೆ. ದಿನವೂ ಬರುತ್ತಾರೆ. ಊಟ ಬೇರೆಯವರ ಕೈಯಲ್ಲಿ ಒಳಗೆ ಕಳಿಸುತ್ತಾರೆ, ತಾವು ಬರುವುದಿಲ್ಲ. ಬುಧವಾರ ನಾನು ಜೋರಾಗಿ ಕೇಳಿದೆನಲ್ಲ. ಬಾಗಿಲಲ್ಲಿದ್ದವರು, ನೀನೇ ಮಗಳನ್ನು ಮುಳುಗಿಸಿದೆ ಎಂದುಬಿಟ್ಟರಂತೆ. ಇನ್ನು ನನ್ನ ಕೈಯಿಂದ ಅವಳಿಗೆ ಏನೂ ಕೊಡುವುದಿಲ್ಲ ಎನ್ನುತ್ತಾರೆ."

ಎರಡು ದಿನದಿಂದ ನಾನು ಹಗುರಾಗಿ ಓಡಾಡುತ್ತಿದ್ದೆ. ಸರ್‌ಗೆ ಹೇಳಿದೆ, ಕಾಲೇಜಿಗೆ ಹೇಳಿದೆ, ಚಾರ್ಟಿನಲ್ಲಿ ಸಹಿ ಹಾಕಿದೆ. ನನ್ನನ್ನು ಕೇಳಿ, ನಾನು ಕೊಡಿ ಎಂದ ಮೇಲೆ ಕೊಟ್ಟ ಆ ಹೆಂಗಸಿಗೆ ಮಾತ್ರ ಹೇಳಿರಲಿಲ್ಲ.

ಹಿರುಣಿಯನ್ನು ಕರೆದುಕೊಂಡು ಮೆಟ್ಟಿಲ ಹತ್ತಿರ ಹೋದೆ. ಅಮ್ಮ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಆ ವಯಸ್ಸಿನವರು ನನ್ನಂಥವಳಿಗೆ ಎದ್ದು ನಿಂತದ್ದು ನನಗೆ ನೋಡಲಾಗಲಿಲ್ಲ. ಅವರನ್ನು ಕೂರಿಸಿ ನಾನು ನೆಲದ ಮೇಲೆ ಕುಳಿತೆ.

"ಹೇಳು," ಎಂದಳು ಹಿರುಣಿ. "ಚಿಕ್ಕ ಚಿಕ್ಕ ವಾಕ್ಯ ಹೇಳು."

"ಅಮ್ಮ, ಕೊಡಬಹುದಾ ಎಂದು ನೀವು ನನ್ನನ್ನು ಕೇಳಿದಿರಿ. ನಾನು ಕೊಡಿ ಎಂದೆ. ಮೂರು ಸಲವೂ ನಾನೇ. ಕೊಡಬಾರದು ಎಂದು ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ತಪ್ಪು ನನ್ನದು, ನಿಮ್ಮದಲ್ಲ."

ಹಿರುಣಿ ಸಿಂಹಳದಲ್ಲಿ ಹೇಳಿದಳು. ಅಮ್ಮ ತಲೆ ಅಲ್ಲಾಡಿಸಿ ಏನೋ ಅಂದರು.

"ನೀನು ಚಿಕ್ಕವಳಂತೆ. ಹೆತ್ತವರಿಗೆ ಗೊತ್ತಾಗಬೇಕಿತ್ತಂತೆ."

"ಇಲ್ಲ ಅಮ್ಮ. ಡಾಕ್ಟರ ಕೋಟು ಹಾಕಿಕೊಂಡಿದ್ದವಳು ನಾನು. ನೀವು ಕೇಳಿಯೇ ಕೊಟ್ಟಿದ್ದೀರಿ. ಕೇಳದೆ ಒಂದು ಹನಿಯೂ ಕೊಟ್ಟಿಲ್ಲ. ಚಾರ್ಟಿನಲ್ಲಿ ನನ್ನ ಹೆಸರು ಬರೆದಿದ್ದೇನೆ, ಬೇಕಾದರೆ ತಂದು ತೋರಿಸುತ್ತೇನೆ."

ಹಿರುಣಿ ಇದನ್ನು ಹೇಳುವಾಗ ಅವಳ ದನಿಯೂ ಒದ್ದೆಯಾಗಿತ್ತು. ಅಮ್ಮ ಅವಳ ಮೂಲಕವೇ ಕೇಳಿದರು. ಸರ್ ನಿನಗೆ ಬೈದರಾ?

ಬೈದರು ಎಂದೆ.

ಅತ್ತೆಯಾ?

ಅತ್ತೆ ಎಂದೆ. ಹೇಳುತ್ತಿದ್ದಂತೆ ಮತ್ತೆ ಅಳು ಬಂತು. ಅವರು ತಮ್ಮ ಬಟ್ಟೆಯ ಅಂಚಿನಿಂದ ನನ್ನ ಮುಖ ಒರೆಸಿದರು. ಒಂದು ಕೆನ್ನೆ ಒರೆಸಿ, ಇನ್ನೊಂದನ್ನು ಒರೆಸುವಾಗ ಅವರಿಗೂ ಅಳು ತಡೆಯಲಾಗಲಿಲ್ಲ. ನಾವಿಬ್ಬರೂ ಅಳುವುದನ್ನು ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ನೋಡಿಕೊಂಡು ಹೋದರು. ಯಾರೋ ಸತ್ತಿರಬೇಕು ಎಂದುಕೊಂಡಿರುತ್ತಾರೆ. ಅಲ್ಲಿ ಅಷ್ಟು ಹಗುರಾದವರು ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅಮ್ಮ ಬುತ್ತಿ ಎತ್ತಿಕೊಂಡು ಎದ್ದರು. ವಾರ್ಡಿನ ಬಾಗಿಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಕಾಲಿಟ್ಟರು. ನಿಲ್ಮಿಣಿ ಸಿಟ್ಟಿನಿಂದ ತುಟಿ ಉಬ್ಬಿಸಿ, ಬೆನ್ನು ತಿರುಗಿಸಿ ಕುಳಿತರು. ಬೆನ್ನು ತಿರುಗಿಸಿದ್ದು ಬಾಚಲು ಸುಲಭವಾಯಿತು. ಅಮ್ಮ ಬಾಚಣಿಗೆ ತೆಗೆದು ಗಂಟು ಬಿಡಿಸಲು ಶುರುಮಾಡಿದರು.

ಅರ್ಧ ಬಾಚಿದಾಗ ನಿಲ್ಮಿಣಿ ನೀರು ಕೇಳಿದರು. ಅಮ್ಮನ ಕೈ ಅಲ್ಲೇ ನಿಂತಿತು. ಅವರು ಸ್ಟೀಲಿನ ಲೋಟ ಬಿಟ್ಟು, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಲೋಟವನ್ನು ಎತ್ತಿಕೊಂಡು ನನ್ನ ಕಡೆ ಹಿಡಿದರು. ಯಾವ ಗೆರೆಯವರೆಗೆ ಎಂದು ಕೇಳುವಂತೆ ಬೆರಳನ್ನು ಒಂದೊಂದೇ ಗೆರೆಯ ಮೇಲೆ ಇಟ್ಟು ತೋರಿಸಿದರು.

ನಾನು ಸಿಸ್ಟರ್ ಹತ್ತಿರ ಓಡಿ ಹೋಗಿ ಕೇಳಿದೆ. ಅವರು ಚಾರ್ಟಿನಲ್ಲಿ ಸರ್ ಬರೆದ ಸಾಲನ್ನು ತೋರಿಸಿದರು. ಅದನ್ನು ಎರಡು ಸಲ ಓದಿ ವಾಪಸು ಬಂದು ಅಮ್ಮನ ಕೈಯಿಂದ ಆ ಪ್ಲಾಸ್ಟಿಕ್ ಲೋಟ ತೆಗೆದುಕೊಂಡೆ.

"ಇನ್ನು ಅಳತೆ ಬೇಡ, ಎಷ್ಟು ಬೇಕಾದರೂ ಕೊಡಬಹುದು ಅಮ್ಮ," ಎಂದೆ.

ಹಿರುಣಿ ಅದನ್ನು ಸಿಂಹಳದಲ್ಲಿ ಹೇಳಿದಳು. ಅಮ್ಮ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಸ್ಟೀಲಿನ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ತಮ್ಮ ಕೈಯಿಂದಲೇ ಮಗಳ ಬಾಯಿಗೆ ಹಿಡಿದರು.